ಆರ್ಡೆಲ್ ಮೋಯೆನ್ ಬೇಲಿ ನೆಟ್ಟ ಜಾಗ

ನಮ್ಮ ಕಡೆ ಯಾರಾದರೂ ಹೊಸದಾಗಿ ಮನೆ ಕಟ್ಟಿದರೆ ಮೊದಲು ಬೋರ್‌ವೆಲ್ಲಿನವನನ್ನು ಕರೆಸುತ್ತಾರೆ, ಆಮೇಲೆ ಆರ್ಡೆಲ್ ಮೋಯೆನ್ ಅವರನ್ನು. ಅವನು ನೀರು ಎಲ್ಲಿ ಸಿಗುತ್ತದೆ ಎಂದು ಹೇಳುತ್ತಾನೆ, ಇವರು ಹಿಮ ಎಲ್ಲಿ ಬಂದು ಕೂರುತ್ತದೆ ಎಂದು ಹೇಳುತ್ತಾರೆ. ಅವನ ಮಾತು ಮೂರರಲ್ಲಿ ಒಂದು ಸಲ ಸುಳ್ಳಾಗುತ್ತದೆ. ಆರ್ಡೆಲ್ ಮಾತು ಸುಳ್ಳಾಗಿದ್ದನ್ನು ನಾನಂತೂ ನೋಡಿಲ್ಲ.

"ಆಕಾಶದಿಂದ ಬೀಳೋ ಹಿಮ ಪಾಪದ್ದು ಕಣೇ ಬ್ರೆನ್ನಾ" ಎನ್ನುತ್ತಿದ್ದರು ನನಗೆ. "ಬಿದ್ದ ಮೇಲೆ ಗಾಳಿ ಕೈ ಹಿಡ್ಕೊಂಡು ನೆಲದ ಮೇಲೆ ಓಡುತ್ತಲ್ಲ, ಅದೇ ಕಳ್ಳಂದು. ಎಲ್ಲಿ ಗಾಳಿಗೆ ಸುಸ್ತಾಗುತ್ತೋ ಅಲ್ಲಿ ಕೂತ್ಕೊಂಡು ಬಿಡುತ್ತೆ. ಎಬ್ಬಿಸೋಕಾಗಲ್ಲ."

ನಾನು ಕೌಂಟಿಯ ಗ್ರೇಡರ್ ಓಡಿಸುತ್ತೇನೆ. ಬೇಸಿಗೆಯಲ್ಲಿ ಜಲ್ಲಿ ರಸ್ತೆ ಸಮ ಮಾಡುವುದು, ಚಳಿಗಾಲದಲ್ಲಿ ಹಿಮ ತಳ್ಳುವುದು. ನನ್ನ ವಯಸ್ಸಿನವರ ಫೋನಿನಲ್ಲಿ ಯಾರ್ಯಾರದೋ ಫೋಟೋ ಇರುತ್ತವೆ, ನನ್ನ ಫೋನಿನಲ್ಲಿ ಆರ್ಡೆಲ್ ನೆಟ್ಟ ಹಿಮಬೇಲಿಗಳ ಫೋಟೋಗಳು ನೂರರ ಮೇಲಿವೆ. ನಗಬೇಡಿ. ಡಿಸೆಂಬರಿನ ಒಂದು ಬೆಳಿಗ್ಗೆ, ಇಡೀ ನಾರ್ತ್ ಡಕೋಟ ಬಿಳಿ ಕಂಬಳಿ ಹೊದ್ದು ಮಲಗಿರುವಾಗ, ಅವರ ಬೇಲಿ ಇರುವ ಕಡೆ ಮಾತ್ರ ರಸ್ತೆಯ ಜಲ್ಲಿಕಲ್ಲು ಒಣಗಿಕೊಂಡು ಕಾಣುವುದನ್ನು ನೀವೂ ನೋಡಿದ್ದರೆ ಫೋಟೋ ತೆಗೆಯದೆ ಇರುತ್ತಿರಲಿಲ್ಲ. ಅಲ್ಲಿ ನಾನು ಬ್ಲೇಡು ಇಳಿಸುವುದೇ ಬೇಕಾಗುತ್ತಿರಲಿಲ್ಲ.

ಆರ್ಡೆಲ್ ಐದಡಿ ಎತ್ತರದ ಹೆಂಗಸು. ಗಂಡಸರೇ ತುಂಬಿದ್ದ ಕೌಂಟಿಯ ಬೇಲಿ ತಂಡದಲ್ಲಿ ಇಪ್ಪತ್ತೇಳು ವರ್ಷ ದುಡಿದು ನಿವೃತ್ತರಾದವರು. ಅವರ ಒಂದು ಹೆಜ್ಜೆ ಎಂದರೆ ಸರಿಯಾಗಿ ಮೂರಡಿ. ಅಷ್ಟು ಗಿಡ್ಡ ಕಾಲಿಗೆ ಮೂರಡಿ ಹೆಜ್ಜೆ ಹಾಕುವಾಗ ಕೊಕ್ಕರೆ ನಡೆದ ಹಾಗೆ ಕಾಣುತ್ತಿತ್ತು. ನಾಲ್ಕಡಿ ಎತ್ತರದ ಮರದ ಪಟ್ಟಿಗಳ ಬೇಲಿಯಾದರೆ ದಾರಿಯಿಂದ ನಲವತ್ತೇಳು ಹೆಜ್ಜೆ ದೂರ, ಗಾಳಿ ಬರುವ ವಾಯವ್ಯ ದಿಕ್ಕಿಗೆ. ಬೇಲಿಯ ಕೆಳಗೆ ಗೇಣು ಜಾಗ ಖಾಲಿ ಬಿಡಬೇಕು, ಇಲ್ಲದಿದ್ದರೆ ಬೇಲಿ ತನ್ನನ್ನೇ ಹೂತುಕೊಳ್ಳುತ್ತದೆ. ಅಕ್ಟೋಬರಿನಲ್ಲಿ ನೆಲ ಹೆಪ್ಪುಗಟ್ಟುವ ಮೊದಲು ಕಬ್ಬಿಣದ ಗೂಟ ಹೊಡೆದಿರಬೇಕು. ಇಷ್ಟೇ ವಿದ್ಯೆ. ಆದರೆ ಈ ನಲವತ್ತೇಳು ಹೆಜ್ಜೆ ಯಾರಿಗೂ ರುಚಿಸುವುದಿಲ್ಲ. ದಾರಿ ಕಾಯುವ ಬೇಲಿ ದಾರಿಯ ಪಕ್ಕದಲ್ಲೇ ಇರಬೇಕು ಎಂದೇ ಎಲ್ಲರ ಬುದ್ಧಿಗೆ ತೋಚುವುದು. ನಮ್ಮ ಚರ್ಚಿನ ಪಾದ್ರಿಗಳೂ ಬಂದ ಹೊಸತರಲ್ಲಿ ಹಾಗೇ ಮಾಡಿ ಆರ್ಡೆಲ್ ಕೈಗೆ ಸಿಕ್ಕಿಬಿದ್ದರು.

"ಪಾದ್ರಿಗಳೇ, ಇದು ಗುಲಾಬಿ ಗಿಡಕ್ಕೆ ಹಾಕಿರೋ ಬೇಲಿನಾ?"

"ಇಲ್ಲ, ಹಿಮಕ್ಕೆ. ಹತ್ತಿರ ಇದ್ರೆ ಕಾವಲು ಗಟ್ಟಿ ಅಂದ್ಕೊಂಡೆ."

"ಹತ್ತಿರ ಇಟ್ರೆ ಅದು ಹಿಮಕ್ಕೆ ಕರೆಯೋಲೆ. ಬೇಲಿ ಹಿಮಾನ ತಡೆಯಲ್ಲ ಸ್ವಾಮಿ, ತನ್ನ ಬೆನ್ನ ಹಿಂದೆ ಕೂರಿಸ್ಕೊಳ್ಳುತ್ತೆ. ನಿಮ್ಮ ಬೇಲಿ ಬೆನ್ನ ಹಿಂದೆ ಏನಿದೆ ನೋಡಿ."

ಪಾದ್ರಿಗಳು ನೋಡಿದರು. ಬೆನ್ನ ಹಿಂದೆ ಅವರ ಕಾರಿತ್ತು. ಅವತ್ತು ಮಧ್ಯಾಹ್ನವೇ ಅಷ್ಟೂ ಗೂಟ ಕಿತ್ತು ಮತ್ತೆ ಹೊಡೆದರು, ಆರ್ಡೆಲ್ ಕಾಫಿ ಕುಡಿಯುತ್ತ ನಿಂತು ಎಣಿಸಿದರು.

ಊರಿನ ದಾರಿಗಳೆಲ್ಲ ಒಂದು ಲೆಕ್ಕವಾದರೆ ಅವರ ಸ್ವಂತ ಮನೆಯ ದಾರಿ ಇನ್ನೊಂದು ಲೆಕ್ಕ. ರಸ್ತೆಯ ಟಪಾಲು ಡಬ್ಬಿಯಿಂದ ಬಾಗಿಲವರೆಗೆ ಆರುನೂರು ಅಡಿ ಉದ್ದ. ಅವರ ಗಂಡ ಲೆರಾಯ್ ಅವರ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ನಲವತ್ತೆರಡು ಮೈಲಿ ದೂರದ ಪಟ್ಟಣಕ್ಕೆ ಹೋಗಿ ರಕ್ತ ಸೋಸುವ ಯಂತ್ರಕ್ಕೆ ಕೈ ಕೊಟ್ಟು ನಾಲ್ಕು ಗಂಟೆ ಕೂರಬೇಕು. ಐದು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ತಪ್ಪಿದರೆ ಏನಾಗುತ್ತದೆ ಎಂದು ಲೆರಾಯ್‌ಗೆ ಗೊತ್ತಿತ್ತು, ಆರ್ಡೆಲ್‌ಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಲೆರಾಯ್ ಶಾಲೆಯ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವರು, ಆರಡಿ ಎರಡಂಗುಲ, ಬಾಯಿ ತುಂಬ ತಮಾಷೆ. ಆ ಕಾಯಿಲೆಯವರಿಗೆ ಆಲೂಗಡ್ಡೆ ಕೂಡದು, ಹಾಗಾಗಿ ನಮ್ಮ ಆಲೂ ರೊಟ್ಟಿ ಲೆಫ್ಸೆಯೂ ಕೂಡದು. ನಾನು ಹೋದಾಗಲೆಲ್ಲ ಪಿಸುಗುಟ್ಟುತ್ತಿದ್ದರು: "ಬ್ರೆನ್ನಾ, ನಿನ್ನ ತಟ್ಟೆಯಿಂದ ಒಂದು ಚೂರು ಕೆಳಗೆ ಬಿತ್ತು ಅಂದ್ಕೋ. ನೀನು ಎತ್ಕೊಳ್ಳಲ್ಲ. ನಾನು ನಾಯಿ ಇದ್ದ ಹಾಗೆ, ಎತ್ಕೋತೀನಿ."

"ನಾಯಿಯಾಗಿದ್ರೆ ಹೇಳಿದ ಮಾತಾದ್ರೂ ಕೇಳ್ತಿತ್ತು" ಎನ್ನುವರು ಒಲೆಯ ಮುಂದಿದ್ದ ಆರ್ಡೆಲ್, ತಿರುಗಿಯೂ ನೋಡದೆ.

ಇಲ್ಲಿ ಜಮೀನಿನ ವಿಷಯ ಒಂದು ಹೇಳಬೇಕು. ಮೋಯೆನ್ ಅವರಿಗೆ ಉಳಿದಿದ್ದದ್ದು ಮನೆ, ಅಂಗಳ, ದಾರಿಯ ಪಶ್ಚಿಮಕ್ಕೆ ಅರವತ್ತು ಅಡಿ ಅಗಲದ ಹುಲ್ಲುಪಟ್ಟಿ, ಅಷ್ಟೇ. ಅದರಾಚೆ ಹಾಲ್ವರ್ ಬ್ರೆಕ್ಕೆಯ ಹೊಲ. ನಲವತ್ತೇಳು ಹೆಜ್ಜೆ ಎಂದರೆ ಅರವತ್ತು ಅಡಿಗೆ ಎರಡು ಪಟ್ಟಿಗೂ ಮಿಕ್ಕುತ್ತದೆ, ಅಂದರೆ ಬೇಲಿ ಹಾಲ್ವರ್ ಹೊಲದೊಳಗೇ ನಿಲ್ಲಬೇಕು. ಮೂವತ್ತು ವರ್ಷ ಹಾಗೇ ನಿಂತಿತ್ತು. ಕೊಯ್ಲು ಮುಗಿದ ಮಾರನೆಯ ದಿನ ಆರ್ಡೆಲ್ ಗೂಟ ಹೊಡೆಯುವರು, ಬಿತ್ತನೆಯ ಮೊದಲು ಕಿತ್ತುಕೊಳ್ಳುವರು. ಇವರು ಕೇಳಲಿಲ್ಲ, ಅವನು ಹೂಂ ಎನ್ನಲಿಲ್ಲ. ನಮ್ಮಲ್ಲಿ ಒಳ್ಳೆಯ ಕೆಲಸಗಳೆಲ್ಲ ನಡೆಯುವುದೇ ಹೀಗೆ, ಬಾಯಿ ಬಿಡದೆ.

ಹೋದ ವರ್ಷದ ಹಿಂದಿನ ವರ್ಷ, ವಸಂತದಲ್ಲಿ ಹಾಲ್ವರ್ ತೀರಿಕೊಂಡ. ಹೊಲ ಅವನ ಅಣ್ಣನ ಮಗ ಕೋರಿಯ ಕೈಗೆ ಬಂತು. ಕೋರಿ ನಲವತ್ತರ ಆಸುಪಾಸಿನವನು, ಮಾತು ಕಡಿಮೆ, ಪಕ್ಕದ ಕೌಂಟಿಯಿಂದ ಬಂದವನು. ಅದುವರೆಗೆ ಚಳಿಗಾಲವಿಡೀ ಖಾಲಿ ಬಿದ್ದಿರುತ್ತಿದ್ದ ಆ ಹೊಲಕ್ಕೆ ಸೆಪ್ಟೆಂಬರಿನಲ್ಲಿ ಅವನು ಚಳಿಗಾಲದ ಗೋಧಿ ಬಿತ್ತಿದ. ಅಕ್ಟೋಬರಿಗೆ ಬೆರಳುದ್ದ ಹಸಿರು ಎದ್ದು ನಿಂತಿತ್ತು.

ಆ ತಿಂಗಳ ಕೊನೆಯಲ್ಲಿ ನಾನು ಗ್ರೇಡರಿನಲ್ಲಿ ಹಾದುಹೋಗುವಾಗ ನೋಡಿದೆ. ಆರ್ಡೆಲ್ ಬೇಲಿ ಹುಲ್ಲುಪಟ್ಟಿಯ ಅಂಚಿನಲ್ಲಿ ನಿಂತಿತ್ತು. ದಾರಿಯಿಂದ ಇಪ್ಪತ್ತೇ ಹೆಜ್ಜೆ. ಕಣ್ಣುಜ್ಜಿಕೊಂಡು ಬ್ರೇಕು ಹಾಕಿ ಇಳಿದು ಒಳಗೆ ಹೋದೆ.

"ಆರ್ಡೆಲ್, ಬೇಲಿ ಇಷ್ಟು ಹತ್ರ ಯಾಕೆ?"

"ಒಂದು ಪ್ರಯೋಗ ಮಾಡ್ತಿದೀನಿ" ಎಂದರು ಅವರು, ಪಾತ್ರೆ ಒರೆಸುತ್ತ.

"ಪ್ರಯೋಗದ ಇಲಿ ನಾನು" ಎಂದರು ಕುರ್ಚಿಯಲ್ಲಿದ್ದ ಲೆರಾಯ್. ನಾನು ನಕ್ಕೆ. ಆರ್ಡೆಲ್ ನಗಲಿಲ್ಲ, ಅದು ನನಗೆ ಹೊಳೆಯಲೇ ಇಲ್ಲ. ಫೋಟೋ ತೆಗೆದುಕೊಂಡೆ. ಅಷ್ಟು ಸಾಲದು ಎಂದು ಕಾಫಿ ಅಂಗಡಿಯಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡೆ. "ಆರ್ಡೆಲ್ ಏನೋ ಹೊಸದು ಕಂಡುಹಿಡಿದಿದಾರೆ. ಇನ್ಮೇಲೆ ನಲವತ್ತೇಳು ಹೆಜ್ಜೆ ಬೇಕಾಗಿಲ್ಲವಂತೆ, ನೋಡ್ತಿರಿ." ಮೂಲೆಯ ಮೇಜಿನಲ್ಲಿ ಕೋರಿ ಒಬ್ಬನೇ ಕೂತು ತಿಂಡಿ ತಿನ್ನುತ್ತಿದ್ದ. ತಲೆಯೆತ್ತಿ ನನ್ನನ್ನು ನೋಡಿದ, ಮತ್ತೆ ತಟ್ಟೆ ನೋಡಿಕೊಂಡ.

ಕ್ರಿಸ್ಮಸ್ ಕಳೆಯುವವರೆಗೂ ಹಿಮ ಕಮ್ಮಿಯೇ ಇತ್ತು. ಜನವರಿಯ ಎರಡನೇ ಶನಿವಾರ ಬೆಳಿಗ್ಗೆ ಹಿಮದ ಜೊತೆ ಗಾಳಿ ಎದ್ದಿತು, ಭಾನುವಾರವಿಡೀ ಬೀಸಿತು, ಸೋಮವಾರ ಬೆಳಿಗ್ಗೆ ನಿಂತಿತು. ಗಾಳಿ ಒತ್ತಿ ಕೂರಿಸಿದ ಹಿಮ ಹತ್ತಿಯ ಹಾಗಿರುವುದಿಲ್ಲ, ಸಿಮೆಂಟಿನ ಹಾಗಿರುತ್ತದೆ, ಅದರ ಮೇಲೆ ದನ ನಡೆದರೂ ಕುಸಿಯುವುದಿಲ್ಲ. ನಾನು ಐದು ಗಂಟೆಗೇ ಗ್ರೇಡರ್ ಹತ್ತಿದ್ದೆ. ಮೋಯೆನ್ ಅವರ ಟಪಾಲು ಡಬ್ಬಿ ಮುಟ್ಟುವಾಗ ಮಧ್ಯಾಹ್ನ ಎರಡಾಗಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಇಲ್ಲಿ ಬೇಲಿ ದಾರಿಯನ್ನು ನುಂಗಿ ಮಲಗಿತ್ತು. ಬೇಲಿಯಿಂದ ಶುರುವಾದ ದಿಬ್ಬ ದಾರಿಯ ಉದ್ದಕ್ಕೂ, ಆರುನೂರು ಅಡಿಯೂ, ನನ್ನ ಎದೆಯೆತ್ತರ. ಅದರ ನಡುವೆಲ್ಲೋ ಒಂದು ಸಲಿಕೆ ಮೇಲೆ ಕೆಳಗೆ ಆಡುವುದು ಕಂಡಿತು. ದಿಬ್ಬ ಹತ್ತಿ ಹೋದೆ. ಆರ್ಡೆಲ್ ಕಾಳು ತೋಡುವ ಸಲಿಕೆ ಹಿಡಿದು ಅಗೆಯುತ್ತಿದ್ದರು. ಬಾಗಿಲಿಂದ ಅಲ್ಲಿಯವರೆಗೆ ಒಬ್ಬರು ನಡೆಯುವಷ್ಟು ಸಣ್ಣ ಕಾಲುವೆ. ಹುಬ್ಬಿನ ಮೇಲೆ ಬೆವರು ಹೆಪ್ಪುಗಟ್ಟಿತ್ತು.

"ಎಷ್ಟೊತ್ತಿಂದ ಅಗೀತಿದೀರಿ?"

"ಬೆಳಕು ಹರಿದಾಗಿಂದ. ನೀನು ನಿನ್ನ ರಸ್ತೆ ನೋಡ್ಕೋ ಹೋಗು. ಮುಂದೆ ಇನ್ನೂ ಜನ ಕಾಯ್ತಿರ್ತಾರೆ."

"ಲೆರಾಯ್?"

ಅವರು ಸಲಿಕೆ ನಿಲ್ಲಿಸಲಿಲ್ಲ. "ಶನಿವಾರ ಯಂತ್ರಕ್ಕೆ ಹೋಗೋದು ತಪ್ಪಿತು. ಬೆಳಿಗ್ಗೆ ಕಾಲು ಎತ್ತೋಕಾಗ್ತಿಲ್ಲ ಅಂದ. ಈಗ ಕೈಯೂ ಭಾರ ಅಂತಿದಾನೆ."

"ಯಾರಿಗಾದ್ರೂ ಫೋನ್ ಮಾಡಿದ್ರಾ?"

"ಎಲ್ಲರ ಮನೆ ದಾರೀನೂ ಕಟ್ಟಿರುತ್ತೆ ಕಣೇ ಇವತ್ತು. ಯಾರನ್ನ ಅಂತ ಕರೆಯೋದು?"

ಆಂಬುಲೆನ್ಸಿಗೂ ಕೋರಿಗೂ ನಾನೇ ಫೋನ್ ಮಾಡಿದೆ. ಖಾಸಗಿ ದಾರಿಗೆ ಕೌಂಟಿಯ ಗ್ರೇಡರ್ ಇಳಿಸಬಾರದು ಎನ್ನುವ ನಿಯಮ ಬಿಟ್ಟಾಕಿ ಒಳಗೆ ನುಗ್ಗಿಸಿದೆ. ನೂರು ಅಡಿ ಹೋಗುವಷ್ಟರಲ್ಲಿ ಗ್ರೇಡರ್ ದಿಬ್ಬದ ಮೇಲೆ ಹೊಟ್ಟೆ ಊರಿ ನಿಂತುಬಿಟ್ಟಿತು, ಚಕ್ರ ಸುಮ್ಮನೆ ತಿರುಗಿದವು. ಕೋರಿ ಹತ್ತೇ ನಿಮಿಷದಲ್ಲಿ ಹಿಮ ಎಸೆಯುವ ಯಂತ್ರ ಕಟ್ಟಿದ ಟ್ರಾಕ್ಟರ್ ತಂದ. ಮೊದಲು ನನ್ನನ್ನು ಎಳೆದು ಹಾಕಬೇಕಾಯಿತು. ಆಮೇಲೆ ಅವನು ಒಳಗೆ ಕೊರೆಯುತ್ತ ಹೋದ, ಗಂಟೆಗೆ ಇನ್ನೂರು ಅಡಿ ಕೂಡ ಸಾಗಲಿಲ್ಲ. ಆಂಬುಲೆನ್ಸ್ ಟಪಾಲು ಡಬ್ಬಿಯ ಹತ್ತಿರ ಬಂದು ಕಾಯುತ್ತಿತ್ತು. ಅದರ ಇಬ್ಬರು ಹುಡುಗರು ಸ್ಟ್ರೆಚರ್ ಹೊತ್ತು ದಿಬ್ಬದ ಮೇಲೇ ನಡೆದು ಹೋದರು. ಆರ್ಡೆಲ್ ಅಗೆದ ಕಾಲುವೆಯಲ್ಲಿ ಆ ದೊಡ್ಡ ದೇಹ ಹಿಡಿಸಲಿಲ್ಲ, ಮತ್ತೆ ಮೇಲೆತ್ತಿ ಹೊತ್ತು ತಂದರು.

ನನ್ನ ಪಕ್ಕ ಹಾದುಹೋಗುವಾಗ ಲೆರಾಯ್ ಕಣ್ಣು ಬಿಟ್ಟರು. "ರಾಜರನ್ನ ಹೀಗೇ ಹೊರ್ತಿದ್ರಂತೆ" ಎಂದರು. ದನಿ ಬಹಳ ಸಣ್ಣದಾಗಿತ್ತು.

ಪಟ್ಟಣಕ್ಕೆ ಇನ್ನೂ ಇಪ್ಪತ್ತು ಮೈಲಿ ಇರುವಾಗ ಅವರ ಹೃದಯ ನಿಂತಿತು. ಆರ್ಡೆಲ್ ಆಂಬುಲೆನ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದರು, ಸಲಿಕೆ ಹಿಡಿದ ಕೈಗವಸು ಇನ್ನೂ ತೆಗೆದಿರಲಿಲ್ಲ.

ಮಣ್ಣು ಮಾಡುವ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹ್ಯಾಮ್ ಇಟ್ಟ ಬನ್ನು, ಮಾಂಸ ತರಕಾರಿ ಸೇರಿಸಿ ಬೇಯಿಸಿದ ಹಾಟ್‌ಡಿಶ್, ನಾಲ್ಕು ಬಗೆಯ ಸಿಹಿ, ದೊಡ್ಡ ಹಂಡೆಯಲ್ಲಿ ಕಾಫಿ. ಒಬ್ಬೊಬ್ಬರಾಗಿ ಬಂದು ಆರ್ಡೆಲ್ ಕೈ ಹಿಡಿದರು.

"ಅಂಥ ಗಾಳಿ ನಾನು ಹುಟ್ಟಿದ ಮೇಲೆ ನೋಡಿಲ್ಲ" ಎಂದಳು ಒಬ್ಬಾಕೆ.

"ಆ ಗಾಳಿಗೆ ಯಾವ ಬೇಲಿ ತಾನೇ ತಡೆಯುತ್ತೆ ಹೇಳಿ?"

"ನಿಮ್ಮ ಬೇಲೀನೇ ಸೋತ ಮೇಲೆ ಇನ್ನೇನು."

ಆರ್ಡೆಲ್ ಕಾಫಿ ಲೋಟ ಕೆಳಗಿಟ್ಟರು. "ಬೇಲಿ ಸೋಲಲಿಲ್ಲ" ಎಂದರು. ಜೋರಾಗೇನೂ ಹೇಳಲಿಲ್ಲ. "ನಾನು ಅದನ್ನ ತಪ್ಪು ಜಾಗದಲ್ಲಿ ನೆಟ್ಟೆ. ಗೊತ್ತಿದ್ದೇ ನೆಟ್ಟೆ."

"ಛೆ ಛೆ, ಹಾಗೆಲ್ಲ ಅನ್ನಬೇಡಿ ಆರ್ಡೆಲ್" ಎಂದು ಪಾದ್ರಿಗಳು ಅವರ ಭುಜ ಮುಟ್ಟಿದರು. ಯಾರೋ ಸಿಹಿಯ ತಟ್ಟೆ ಮುಂದೆ ತಳ್ಳಿದರು. ಮಾತು ಹವಾಮಾನದ ಕಡೆ ಹೊರಳಿತು. ಅವರು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲು ತಯಾರಿರಲಿಲ್ಲ. ಎಲ್ಲರೂ ಒಳ್ಳೆಯವರು, ಅದೇ ಕಷ್ಟ.

ಮಾರ್ಚಿನಲ್ಲಿ ಬಿಸಿಲು ಏರಿ ಉಳಿದ ಹಿಮವೆಲ್ಲ ಕರಗಿದರೂ ಆ ದಿಬ್ಬ ಕರಗಿರಲಿಲ್ಲ. ಒಂದು ಶನಿವಾರ ಆರ್ಡೆಲ್ ನನಗೂ ಕೋರಿಗೂ ಬರಹೇಳಿದರು. ಹೋದೆವು. ಅವರು ಬೇಲಿಗೆ ಬೆನ್ನು ಕೊಟ್ಟು ನಿಂತು ಕೊಕ್ಕರೆ ಹೆಜ್ಜೆ ಹಾಕತೊಡಗಿದರು, ಬಾಯಲ್ಲಿ ಎಣಿಸುತ್ತ. ಹದಿನೈದರ ಹೊತ್ತಿಗೆ ದಿಬ್ಬದ ನೆತ್ತಿ ಮೇಲಿದ್ದರು. ಇಪ್ಪತ್ತಕ್ಕೆ ದಾರಿ. ದಾರಿ ದಾಟಿ, ಅಂಗಳದ ಮೂಲೆ ದಾಟಿ, ಹಿಮ ಮುಗಿದು ಹಳದಿ ಹುಲ್ಲು ಶುರುವಾಗುವ ಕಡೆ ನಿಂತರು.

"ನಲವತ್ತೇಳು" ಎಂದರು. "ನೋಡಿ. ಒಂದು ಹೆಜ್ಜೆ ಆಚೆ ಇಲ್ಲ, ಈಚೆ ಇಲ್ಲ. ಬೇಲಿ ಎಲ್ಲಿ ಹೇಳಿತ್ತೋ ಅಲ್ಲೇ ಹಿಮ ಕೂತಿದೆ. ಗಾಳಿ ಜೋರಿತ್ತು ಅಂತಾರೆ ಎಲ್ಲ. ಗಾಳಿದೇನೂ ತಪ್ಪಿಲ್ಲ."

ನಾನು ಅವರ ಕಡೆ ತಿರುಗಿದೆ. "ಪ್ರಯೋಗ ಅಂದ್ರಲ್ಲ ಆರ್ಡೆಲ್."

"ಸುಳ್ಳು ಹೇಳ್ದೆ. ಗೋಧಿ ಬಿತ್ತಿದ ಹೊಲ. ಅದರಲ್ಲಿ ಗೂಟ ಹೊಡೀಬೇಕು ಅಂದ್ರೆ ಕೇಳಬೇಕು. ಲೆರಾಯ್ ದಿನಾ ಹೇಳ್ದ, ಹೋಗಿ ಕೇಳೇ, ಕೇಳಿದ್ರೆ ಬಾಯಿ ಸವೆಯುತ್ತಾ ಅಂತ. ಈ ಚಳಿಗಾಲ ಹಿಮ ಕಮ್ಮಿ ಅಂತಿದಾರೆ, ಸುಮ್ನಿರು ಅಂದೆ ಅವನಿಗೆ."

ಕೋರಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. "ಹತ್ತು ಗೇಣು ಗೋಧಿ ಹೋದ್ರೆ ಏನಾಗ್ತಿತ್ತು ನಂಗೆ? ಒಂದು ಮಾತು ಹೇಳಿದ್ರೆ ನಾನೇ ಬಂದು ಗೂಟ ಹೊಡೀತಿದ್ದೆ."

"ಗೊತ್ತಿತ್ತು ಕೋರಿ. ನೀನು ಇಲ್ಲ ಅನ್ನೋನಲ್ಲ ಅಂತ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ. ಇಲ್ಲ ಅನ್ನೋಕಾಗದೋರ ಹತ್ರ ಕೇಳೋದು ಕಿತ್ಕೊಂಡ ಹಾಗೆ ಅಂತ ನಮ್ಮಮ್ಮ ಹೇಳ್ತಿದ್ಳು."

ದಿಬ್ಬದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಾನು ನೋಡಿದ್ದೆ" ಎಂದ ಕೋರಿ. "ಬೇಲಿ ಹತ್ರ ಆಯ್ತು ಅಂತ. ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣುತ್ತೆ. ದಿನಾ ಕಾಫಿ ಕುಡೀವಾಗ ನೋಡ್ತಿದ್ದೆ. ಬಂದು ಹೇಳೋಣ ಅಂತ ಎರಡು ಸಲ ಬೂಟು ಹಾಕ್ಕೊಂಡೆ. ಆರ್ಡೆಲ್ ಮೋಯೆನ್‌ಗೆ ಬೇಲಿ ಹೇಳಿಕೊಡೋಕೆ ನಾನ್ಯಾವನು ಅಂತ ಬಿಚ್ಚಿಟ್ಟೆ. ಆಮೇಲೆ ಅಂಗಡೀಲಿ ಇವಳೂ..." ನನ್ನ ಕಡೆ ನೋಡಿದ, ಮಾತು ಮುಗಿಸಲಿಲ್ಲ. ಮುಗಿಸುವುದೇನೂ ಬೇಕಿರಲಿಲ್ಲ.

"ನಿಮ್ಮಿಬ್ಬರ ಮೇಲೆ ತಪ್ಪು ಹಾಕೋಕೆ ಕರೆಸಿದ್ದಲ್ಲ" ಎಂದರು ಆರ್ಡೆಲ್. "ಊರಲ್ಲಿ ಯಾರೂ ಒಪ್ತಿಲ್ಲ. ನೀವಿಬ್ಬರಾದ್ರೂ ಅಳತೆ ನೋಡಿ ಅಂತ."

ನಾವು ನೋಡಿದೆವು. ಕೋರಿ ತಾನೂ ಒಮ್ಮೆ ಬೇಲಿಯಿಂದ ಎಣಿಸಿಕೊಂಡು ಬಂದ. ಅವನ ಕಾಲು ಉದ್ದ, ನಲವತ್ತೆರಡು ಹೆಜ್ಜೆಗೇ ಮುಗಿಯಿತು. "ಹೌದು" ಎಂದ. ಆರ್ಡೆಲ್ ತಲೆಯಾಡಿಸಿದರು. ಲೆರಾಯ್ ಹೋದ ಮೇಲೆ ಯಾರಾದರೂ ಅವರ ಮಾತಿಗೆ ಹೌದು ಎಂದದ್ದು ಅದೇ ಮೊದಲು ಎನಿಸುತ್ತದೆ.

ಸೆಪ್ಟೆಂಬರಿನಲ್ಲಿ ಕೋರಿ ಮತ್ತೆ ಗೋಧಿ ಬಿತ್ತಿದ. ಬೇಲಿ ನಿಲ್ಲಬೇಕಾದ ಜಾಗದಲ್ಲಿ ಎರಡು ಗಜ ಅಗಲದ ಪಟ್ಟಿ ಬಿತ್ತದೆ ಬಿಟ್ಟಿದ್ದ. ಯಾರಿಗೂ ಹೇಳಿರಲಿಲ್ಲ. ಹಸಿರಿನ ನಡುವೆ ಕಪ್ಪು ಮಣ್ಣಿನ ಗೆರೆ ರಸ್ತೆಯಿಂದಲೇ ಕಾಣುತ್ತಿತ್ತು. ಅಕ್ಟೋಬರಿನ ಒಂದು ಬೆಳಿಗ್ಗೆ ಆರ್ಡೆಲ್ ಅವನ ಮನೆಯ ಬಾಗಿಲು ತಟ್ಟಿದರಂತೆ. ಮೂವತ್ತು ವರ್ಷ ಪಕ್ಕದಲ್ಲಿದ್ದರೂ ಬ್ರೆಕ್ಕೆ ಮನೆಯ ಬಾಗಿಲು ಅವರು ತಟ್ಟಿದ್ದು ಅವತ್ತೇ ಮೊದಲು. ಇದು ಕೋರಿ ನನಗೆ ಹೇಳಿದ್ದು.

"ನಿನ್ನ ಹೊಲದಲ್ಲಿ ಬೇಲಿ ನೆಡಬಹುದಾ ಅಂತ ಕೇಳೋಕೆ ಬಂದೆ" ಎಂದರಂತೆ.

"ಕೇಳೋದೇನಿದೆ? ಜಾಗ ಬಿಟ್ಟೇ ಬಿತ್ತಿದೀನಿ. ಒಳಗೆ ಬನ್ನಿ, ಕಾಫಿ ಇದೆ."

"ಬಿಟ್ಟಿರೋದು ನೋಡ್ದೆ. ಆದ್ರೂ ನಾನು ಕೇಳ್ಬೇಕು, ನೀನು ಹೇಳ್ಬೇಕು."

"ಹೂಂ, ನೆಡಿ" ಎಂದನಂತೆ ಅವನು. ಅವರು ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತರಂತೆ. ಕಾಫಿಗೆ ಒಳಗೆ ಹೋಗಲಿಲ್ಲ.

ಈ ಫೆಬ್ರವರಿಯ ಗಾಳಿ ಹೋದ ವರ್ಷದ್ದಕ್ಕಿಂತ ಜೋರಾಗಿತ್ತು. ಎರಡು ದಿನ ಶಾಲೆ, ಅಂಚೆ ಎಲ್ಲ ಬಂದ್ ಆಗಿದ್ದವು. ಗಾಳಿ ನಿಂತ ಬೆಳಿಗ್ಗೆ ನಾನು ಬೇರೆ ರಸ್ತೆಗಳನ್ನೆಲ್ಲ ಬಿಟ್ಟು ಮೊದಲು ಮೋಯೆನ್ ಮನೆ ಕಡೆಗೇ ಗ್ರೇಡರ್ ತಿರುಗಿಸಿದೆ. ತಲುಪುವಾಗ ಎಂಟೂವರೆ. ಹಿಮವೆಲ್ಲ ಕೋರಿಯ ಗೋಧಿಯ ಮೇಲೆ ಮಲಗಿತ್ತು, ತಿಮಿಂಗಿಲದ ಬೆನ್ನಿನ ಹಾಗೆ ಉದ್ದಕ್ಕೆ. ಅದರ ಬಾಲ ಹುಲ್ಲುಪಟ್ಟಿಯಲ್ಲೇ ಮುಗಿದಿತ್ತು. ದಾರಿ ಪೂರ್ತಿ ಒಣಗಿತ್ತು. ಜಲ್ಲಿಕಲ್ಲು ಎಣಿಸಬಹುದಿತ್ತು. ಚಕ್ರದ ಗುರುತು ಒಂದೂ ಇರಲಿಲ್ಲ.

ಬ್ಲೇಡು ಎತ್ತಿಕೊಂಡೇ ಬಾಗಿಲವರೆಗೆ ಓಡಿಸಿದೆ. ಫೋಟೋ ತೆಗೆಯಲು ಕೈ ಬರಲಿಲ್ಲ.

ಆರ್ಡೆಲ್ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದರು. ಕೋಟು ಹಾಕಿಕೊಂಡಿದ್ದರು, ಬೂಟೂ ಹಾಕಿಕೊಂಡಿದ್ದರು.

"ಎಲ್ಲಿಗಾದ್ರೂ ಹೊರಟಿದೀರಾ?" ಎಂದೆ.

"ಇಲ್ಲ ಕಣೇ. ನಂಗೆಲ್ಲಿಗೆ ಹೋಗೋದಿದೆ." ಅವರು ದಾರಿಯಿಂದ ಕಣ್ಣು ತೆಗೆಯಲಿಲ್ಲ. "ಎಷ್ಟಾಯ್ತು ಗಂಟೆ?"

"ಎಂಟೂ ಮುಕ್ಕಾಲು."

"ಈಗ ಹೊರಟಿದ್ರೆ ಹತ್ತರೊಳಗೆ ಅವನನ್ನ ಯಂತ್ರದ ಮುಂದೆ ಕೂರಿಸಿಬಿಡ್ತಿದ್ದೆ" ಎಂದರು.

ಆಮೇಲೆ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಬೂಟು ಬಿಚ್ಚಿ ಬಾಗಿಲ ಪಕ್ಕ ಜೋಡಿಸಿಟ್ಟು, ನನಗೆ ತಿನ್ನಲು ಏನಾದರೂ ಬೇಕಾ ಎಂದು ಕೇಳಿದರು.